ಕ್ಯಾಮೆರಾದಲ್ಲಿ ದೂರವಿದ್ದ ರೈಲು

ಭಾನುವಾರ ಬೆಳಿಗ್ಗೆ ಏಳೂಕಾಲಿಗೆ, ಕೆ.ಆರ್. ಪುರದ ತೂಗುಸೇತುವೆಯ ಕೆಳಗೆ, ಗೆಳೆಯ ಮಂಜು ರೈಲು ಹಳಿಗಳ ನಡುವೆ ಕುಳಿತಿದ್ದ. ಅವನ ಹೊಸ ಪುಟ್ಟ ಕ್ಯಾಮೆರಾದ ವೈಡ್ ಲೆನ್ಸ್‌ನಲ್ಲೂ ನನ್ನ ಕ್ಯಾಮೆರಾದ ಜೂಮ್‌ನಲ್ಲೂ ಒಂದೇ ರೈಲನ್ನು ತೆಗೆದು, ಹೋಲಿಸಲೆಂದು ಅಂತರ್ಜಾಲದ ನಮ್ಮ ಫೋಟೊ ಬಳಗಕ್ಕೆ ಹಾಕುವುದೆಂದು ಮಾತಾಗಿತ್ತು. ನಾನು ಸ್ವಲ್ಪ ದೂರದಲ್ಲಿ, ಹಳಿಯ ಪಕ್ಕ ನಿಂತಿದ್ದೆ.

ರೈಲು ಹಾರ್ನ್ ಹೊಡೆಯುತ್ತ ಬಂತು. "ಏಳೋ ಮಂಜು" ಎಂದು ಕೂಗಿದೆ.

"ಇನ್ನೂ ಎಲ್ಲೋ ಇದೆ ಮಗಾ, ಇರು" ಎಂದ. ಅವನು ನೋಡುತ್ತಿದ್ದುದು ಕ್ಯಾಮೆರಾದ ಪರದೆಯನ್ನು. ವೈಡ್ ಲೆನ್ಸ್‌ನಲ್ಲಿ ಹತ್ತಿರದ್ದೂ ಚಿಕ್ಕದಾಗಿ, ದೂರವಿರುವಂತೆ ಕಾಣುತ್ತದೆ. ಹಳಿ ದಾಟಲು ಕಾಯುತ್ತಿದ್ದ ಸೊಪ್ಪು ಮಾರುವ ಮಹಿಳೆಯೊಬ್ಬರು ಬುಟ್ಟಿ ಬಿಸಾಡಿ, ಅವನ ಕಾಲರ್ ಹಿಡಿದು ಎಳೆದರು. ಇಬ್ಬರೂ ಜಲ್ಲಿಯ ಮೇಲೆ ಬೀಳುವಷ್ಟರಲ್ಲಿ ಎಂಜಿನ್ ಹಾದುಹೋಯಿತು.

"ದೇವ್ರು ಕಣ್ಣು ಕೊಟ್ಟವ್ನೆ, ನೀನು ಆ ಡಬ್ಬೀಲಿ ನೋಡ್ತಾ ಕೂತಿದ್ಯಲ್ಲಪ್ಪಾ" ಎನ್ನುತ್ತ ಆಕೆ ಚೆಲ್ಲಿದ ಸೊಪ್ಪನ್ನು ಆಯತೊಡಗಿದರು.

ಆಕೆ ಎಳೆಯುವ ಮೊದಲೇ ಅವನು ತೆಗೆದಿದ್ದ ಚಿತ್ರ ಚೆನ್ನಾಗಿಯೇ ಬಂದಿತ್ತು. ಮಂಜು ಬಳಗಕ್ಕೆ ಹಾಕಿದ. "ರೈಲು ಇನ್ನೊಂಚೂರು ಹತ್ತಿರ ಬರ್ಬೇಕಿತ್ತು ಗುರು" ಎಂದು ಒಬ್ಬರು ಬರೆದರು. ಎಷ್ಟೋ ರಾತ್ರಿ ಆ ಹಾರ್ನ್ ಕೇಳಿದಂತಾಗಿ ಎದ್ದು ಕೂರುತ್ತಿದ್ದ ನಾನು, ಮಂಜು ಆ ಚಿತ್ರವನ್ನು ಅಳಿಸಿಹಾಕಿದ ದಿನ ಬೆಳಗಿನವರೆಗೆ ಎಚ್ಚರವಾಗದೆ ಮಲಗಿದೆ.