ತಾಮ್ರದ ತಂಬಿಗೆಯ ಪಟ್ಟಾಭಿಷೇಕ

ನಮ್ಮ ಅಡುಗೆಮನೆಗೆ ಬಂದವರು ಒಲೆಯ ಮೇಲೇನಿದೆ ಅಂತ ನೋಡುವ ಮೊದಲು ಗೋಡೆಯ ಮೇಲೇನಿದೆ ಅಂತ ನೋಡಲಿ ಎನ್ನುವುದು ನನ್ನ ಆಸೆ. ಒಲೆಯ ಮೇಲಿರುವುದರ ಬಗ್ಗೆ ನನಗೇ ಅಂಥ ಭರವಸೆಯಿಲ್ಲ, ಅದೂ ಒಂದು ಕಾರಣ ಅನ್ನಿ.

ಸಿಂಗಸಂದ್ರದ ಈ ಫ್ಲ್ಯಾಟಿಗೆ ಬಂದಾಗ ಅತ್ತೆ ಅತ್ತಿಬೆಲೆಯ ಮನೆಯ ಅಟ್ಟದಿಂದ ಒಂದು ಮೂಟೆ ಪಾತ್ರೆ ಇಳಿಸಿಕೊಟ್ಟರು. ಹಿತ್ತಾಳೆ ಕೊಳಗ, ಕಂಚಿನ ಗಂಗಾಳ, ಸೌಟು, ಗಿಂಡಿ, ಒಂದು ತಾಮ್ರದ ತಂಬಿಗೆ. ಹೆಸರು ಬೇರೆಬೇರೆ, ಬಣ್ಣ ಮಾತ್ರ ಒಂದೇ, ಕಪ್ಪು. "ಸಂದಾಗಿ ಮಡಿಕ್ಕಂಡ್ರೆ ನಿಂಗೆ, ಇಲ್ದಿದ್ರೆ ನನ್ ಮಗಳ್ಗೆ. ಯುಗಾದಿಗೆ ಬಂದು ನೋಡ್ತೀನಿ" ಅಂದರು. ಮಗಳು, ಅಂದರೆ ನನ್ನ ನಾದಿನಿ, ವೈಟ್‌ಫೀಲ್ಡಿನ ಹೊಸ ಮನೆಯಲ್ಲಿ ಗಾಜಿನ ಬೀರು ಮಾಡಿಸಿ, ಖಾಲಿ ಬಿಟ್ಟುಕೊಂಡು ಕಾಯುತ್ತಿದ್ದಳು. ನನಗೋ ಆ ಪಾತ್ರೆಗಳ ಮೇಲೆ ಪ್ರಾಣ. ನನ್ನ ತವರಿನವರು ಹಿತ್ತಾಳೆಯನ್ನೆಲ್ಲ ತೂಕಕ್ಕೆ ಹಾಕಿ ಸ್ಟೀಲು ತಂದು ಬೀಗಿದವರು, ನನ್ನ ಪಾಲಿಗೆ ಒಂದು ಲೋಟವೂ ಉಳಿದಿರಲಿಲ್ಲ.

ಪಾತ್ರೆ ಉಜ್ಜುವುದರಲ್ಲಿ ಒಂದು ಹುಚ್ಚಿದೆ ಕಣ್ರೀ. ಹುಣಸೇಹಣ್ಣು, ಉಪ್ಪು ಹಾಕಿ ತಿಕ್ಕಿದಾಗ ಕಪ್ಪಿನಡಿಯಿಂದ ಬೆಳಕು ಇಣುಕಿತೋ, ಮುಗೀತು, ಆಮೇಲೆ ನಿಲ್ಲಿಸುವವರು ಯಾರು? ಆಫೀಸಿನ ಮೀಟಿಂಗನ್ನು ಮ್ಯೂಟ್ ಮಾಡಿಕೊಂಡು ಉಜ್ಜಿದೆ. ಮನೆಯ ಹುಣಸೇಹಣ್ಣೆಲ್ಲ ಪಾತ್ರೆಗಳ ಪಾಲಾಗಿ, ಗಂಡ ಸಾರು ಕಾಣದೆ ಮಜ್ಜಿಗೆಹುಳಿ ಉಂಡ. ತಂಬಿಗೆಯಂತೂ ಮದುವಣಗಿತ್ತಿಯ ಹಾಗೆ ಕೆಂಪಗೆ ಹೊಳೆಯಿತು. ಅದನ್ನೇ ಶೆಲ್ಫಿನ ನಡುಮಧ್ಯೆ, ಲೈಟಿನ ಕೆಳಗೆ ಕೂರಿಸಿದೆ. ಅಷ್ಟಕ್ಕೆ ಬಿಟ್ಟೆನೇ? ತಾಮ್ರದ ನೀರು ಒಳ್ಳೆಯದಂತೆ! ರಾತ್ರಿ ತುಂಬಿಟ್ಟು, ಬೆಳಿಗ್ಗೆ ಖಾಲಿ ಹೊಟ್ಟೆಗೆ ನಾನೂ ಕುಡಿದೆ, ಗಂಡನಿಗೂ ಕುಡಿಸಿದೆ. ನಮ್ಮ ಹಿರಿಯರು ದಡ್ಡರಲ್ಲ ಅಂತ ಭಾಷಣ ಬೇರೆ.

ಯುಗಾದಿಗೆ ಅತ್ತೆ, ನಾದಿನಿ ಇಬ್ಬರೂ ಬಂದರು. ನಾದಿನಿ ಫೋನಿನಲ್ಲಿ ಮಾತಾಡುತ್ತಾ ಹಾಲಿನಲ್ಲೇ ಉಳಿದಳು, ಅತ್ತೆ ನೇರ ಅಡುಗೆಮನೆಗೆ ನುಗ್ಗಿದರು. ಗಂಗಾಳ ಸವರಿ ಕಣ್ಣು ಒರೆಸಿಕೊಂಡರು. ಗೆದ್ದೆ ಅಂದುಕೊಂಡೆ. ಅಷ್ಟರಲ್ಲಿ ತಂಬಿಗೆ ಕಂಡಿತು.

"ಅಯ್ಯೋ ಸಿವ್ನೇ! ಇದನ್ಯಾಕೆ ಇಲ್ಲಿ ಮಡಗಿದ್ದೀಯೆ? ನಮ್ ಮಾವ ದಿನಾ ಬೆಳಗಾನೆ ಬಯಲ್ಕಡೆಗೆ ಇಡ್ಕೊಂಡೋಯ್ತಿದ್ದ ತಂಬ್ಗೆ ಕಣಮ್ಮಿ ಇದು! ಒಳಕ್ಕೇ ಸೇರಿಸ್ತಿರ್ಲಿಲ್ಲ!"

ಎಷ್ಟು ಬೆಳಿಗ್ಗೆ ಕುಡಿದೆ ಅಂತ ಲೆಕ್ಕ ಹಾಕಿದೆ. ಹೋಯ್ತು, ಪಾತ್ರೆಗಳೆಲ್ಲ ವೈಟ್‌ಫೀಲ್ಡಿಗೆ ಹೊರಟವು ಅಂದುಕೊಂಡೆ. ನೀರು ಕುಡಿದದ್ದನ್ನೂ ಪಿಸುಗುಟ್ಟಿಬಿಟ್ಟೆ. ಅತ್ತೆ ಬಾಯಿಗೆ ಸೆರಗು ತುರುಕಿಕೊಂಡು ನೆಲದ ಮೇಲೇ ಕುಸಿದು ಕೂತರು. ಅಷ್ಟು ನಕ್ಕಿದ್ದನ್ನು ನಾನು ನೋಡಿಯೇ ಇರಲಿಲ್ಲ. ನನಗೂ ತಡೆಯಲಾಗಲಿಲ್ಲ.

ನಗುವಿನ ಸದ್ದು ಕೇಳಿ ನಾದಿನಿ ಒಳಗೆ ಬಂದಳು. ಬಂದವಳೇ ತಂಬಿಗೆಯನ್ನು ಎದೆಗೆ ಅವಚಿಕೊಂಡಳು. "ಅಮ್ಮಾ, ಮಿಕ್ಕಿದ್ದೆಲ್ಲಾ ಅತ್ತಿಗೆನೇ ಇಟ್ಕೊಳ್ಲಿ. ನಂಗೆ ಇದೊಂದು ಕೊಟ್ಬಿಡು, ಪ್ಲೀಸ್!"

ನಾನು ಬಾಯಿ ತೆರೆದೆ. ಅತ್ತೆ ನನ್ನ ಕಾಲು ಚಿವುಟಿದರು.

"ತಕ್ಕೊಳವ್ವಾ" ಅಂದರು ಗಂಭೀರವಾಗಿ. "ನಿಮ್ ತಾತ ಅದನ್ನ ಬುಟ್ಟು ಒಂದಿನಾನೂ ಇದ್ದೋನಲ್ಲ."

ಸಂಜೆ ಮನೆಯವರ ಗ್ರೂಪಿಗೆ ಫೋಟೊ ಬಂತು. ಗಾಜಿನ ಬೀರುವಿನಲ್ಲಿ ತಂಬಿಗೆ, ಅದರೊಳಗೆ ಗುಲಾಬಿ, ಕೆಳಗೆ "ತಾತನ ನಿತ್ಯ ಸಂಗಾತಿ" ಎಂಬ ಬರಹ. ಎಷ್ಟು ಹುಡುಕಿದರೂ ಅದರಲ್ಲಿ ಒಂದಕ್ಷರ ಸುಳ್ಳು ಸಿಗಲಿಲ್ಲ. ಸೋಫಾದ ಆ ತುದಿಯಲ್ಲಿ ಅತ್ತೆಯ ಭುಜ ಕುಲುಕುತ್ತಿತ್ತು, ಈ ತುದಿಯಲ್ಲಿ ನನ್ನದು. ತಂಬಿಗೆ ಮಗಳಿಗೆ ಹೋಯಿತು, ಗುಟ್ಟು ಸೊಸೆಗೆ ಬಂತು. ಮದುವೆಯಾಗಿ ಇಷ್ಟು ವರ್ಷವಾದರೂ, ನಾನು ಆ ಮನೆಯವಳಾದದ್ದು ಅವತ್ತೇ.