ಕುಕ್ಕರ್ ಕೂಗುವಷ್ಟರಲ್ಲಿ ಮುಗಿಯುವ ರೆಕಾರ್ಡು

ನನ್ನ ಮಗಳ ಬ್ಯಾಂಡಿನ ಮೊದಲ ರೆಕಾರ್ಡು ಒಂದು ಕುಕ್ಕರ್ ಅನ್ನ ಆಗುವಷ್ಟರಲ್ಲಿ ಮುಗಿದುಹೋಗುತ್ತದೆ. ಐದೇ ಹಾಡು. ರೆಕಾರ್ಡು ಎಂದಾಗ ತಟ್ಟೆಯನ್ನೋ ಕ್ಯಾಸೆಟ್ಟನ್ನೋ ತಂದು ಕೈಗೆ ಕೊಡುತ್ತಾಳೆ ಎಂದುಕೊಂಡಿದ್ದೆ. ಅಂಥದ್ದೇನಿಲ್ಲ, ಎಲ್ಲ ಫೋನಿನೊಳಗೆ. ಪವಾಯಿಯ ಆಫೀಸಿನಲ್ಲಿ ವಾರವಿಡೀ ಬಾಯಿ ಮುಚ್ಚಿ ಕಂಪ್ಯೂಟರಿನ ಮುಂದೆ ಕೂರುವ ಹುಡುಗಿ ರವಿವಾರ ಬಂತೆಂದರೆ ಮೂವರು ಗೆಳೆಯರನ್ನು ಕಟ್ಟಿಕೊಂಡು ಗಂಟಲು ಹರಿಯುವಂತೆ ಕಿರುಚುತ್ತಾಳೆ. ಇದಕ್ಕೆ ಪಂಕ್ ಎನ್ನುತ್ತಾರಂತೆ.

"ಪಂಕ್ ಅಂದ್ರೆ ಎಂತ?" ಎಂದು ಒಮ್ಮೆ ಕೇಳಿದ್ದೆ.

"ಸಿಟ್ಟು ಬಂದಾಗ ಹಾಡೋದು, ಅಮ್ಮ. ಚೆಂದ ಹಾಡ್ಬೇಕು ಅಂತ ಇಲ್ಲ. ಬಸ್, ಸಚ್ ಬೋಲ್ನೇ ಕಾ."

ನಿಜ ಹೇಳಿದರೆ ಸಾಕಂತೆ. ಹಾಗಾದರೆ ಕುರ್ಲಾದ ನಮ್ಮ ಚಾಳಿನಲ್ಲಿ ಬೆಳಗ್ಗೆ ನೀರಿಗೆ ನಿಂತು ಜಗಳಾಡುವ ಹೆಂಗಸರೆಲ್ಲ ಪಂಕ್ ಹಾಡುಗಾರ್ತಿಯರೇ ಆದರು. ಯಾರೂ ರೆಕಾರ್ಡ್ ಮಾಡಿಕೊಳ್ಳಲಿಲ್ಲ, ಅಷ್ಟೇ.

ಅವಳು ಫೋನನ್ನು ನನ್ನ ಮುಂದಿಟ್ಟು, ಶನಿವಾರದಿಂದ ಇದು ಎಲ್ಲರಿಗೂ ಕೇಳಲು ಸಿಗುತ್ತದೆ, ಅದಕ್ಕೆ ಮೊದಲು ನೀನು ಕೇಳು, ಪಪ್ಪನಿಗೆ ಕೇಳಿಸಬಹುದೋ ಇಲ್ಲವೋ ಹೇಳು ಎಂದಳು. ಯಾವುದಕ್ಕೂ ನನ್ನ ಅಪ್ಪಣೆ ಕೇಳಿದ ಹುಡುಗಿಯಲ್ಲ. ಒಳಗೆ ಏನೋ ಇದೆ ಎಂದು ಆಗಲೇ ಅನಿಸಿತು.

ಅವಳ ಪಪ್ಪ, ಅಂದರೆ ನನ್ನ ಗಂಡ, ಪರೇಲಿನ ಒಂದು ಉಡುಪಿ ಹೋಟೆಲಿನಲ್ಲಿ ಸಪ್ಲಾಯರ್ ಆಗಿದ್ದರು. ಗಿರಾಕಿಗಳಿಗೆ ಅವರ ಹೆಸರು ಗೊತ್ತಿರಲಿಲ್ಲ, ದನಿ ಗೊತ್ತಿತ್ತು. ಮೇಜಿನ ಬಳಿ ನಿಂತಲ್ಲಿಂದಲೇ "ದೋ ಮಸಾಲಾ, ಏಕ್ ಸಾದಾ ಕಡಕ್" ಎಂದು ಅಡುಗೆಮನೆಗೆ ಕೂಗುತ್ತಿದ್ದರು. ಒಳಗೆ ಹೊಗೆ, ಗ್ರೈಂಡರಿನ ಗದ್ದಲ. ಅಲ್ಲಿ ಯಾರೂ ಬಾಯಲ್ಲಿ ಉತ್ತರ ಕೊಡುವುದಿಲ್ಲ. ದೋಸೆ ಹುಯ್ಯುವ ಭಟ್ಟರು ಸಟ್ಟುಗದಿಂದ ಕಾವಲಿಗೆ ಎರಡು ಸಲ ಕುಟ್ಟುತ್ತಾರೆ, ಟಣ್ ಟಣ್. ಕೇಳಿತು ಎಂದರ್ಥ. ಆ ಸದ್ದು ಬಾರದಿದ್ದರೆ ಇವರು ಇನ್ನೂ ಗಟ್ಟಿಯಾಗಿ ಮತ್ತೊಮ್ಮೆ ಕೂಗುತ್ತಾರೆ. ಸದ್ದು ಬಂತೆಂದರೆ ಅತ್ತ ತಿರುಗಿಯೂ ನೋಡದೆ ಮುಂದಿನ ಮೇಜಿಗೆ ಹೋಗುತ್ತಾರೆ. ಮದುವೆಯಾದ ಹೊಸತರಲ್ಲಿ ಆ ಹೋಟೆಲಿನ ಫ್ಯಾಮಿಲಿ ರೂಮಿನಲ್ಲಿ ಕೂತು ಇದನ್ನೆಲ್ಲ ನೋಡಿ ನನಗೆ ಬಹಳ ಹೆಮ್ಮೆಯಾಗಿತ್ತು. ಮನೆಗೆ ಬಂದರೆ ಮಾತ್ರ ಮನುಷ್ಯನ ಬಾಯಲ್ಲಿ ಎರಡು ಮಾತಿಲ್ಲ. ಇದ್ದಬದ್ದದ್ದನ್ನೆಲ್ಲ ಹೋಟೆಲಿನಲ್ಲೇ ಕೂಗಿ ಬಂದಿರುತ್ತಿದ್ದರು.

ಹೋಟೆಲಿನ ಹತ್ತಿರವೇ ಕ್ಯಾನ್ಸರಿನ ದೊಡ್ಡ ಆಸ್ಪತ್ರೆ. ಕುತ್ತಿಗೆಗೆ ಬಟ್ಟೆ ಕಟ್ಟಿಕೊಂಡು ಬರುವವರಿಗೆ ಇವರು ಕೇಳದೆಯೇ ಇಡ್ಲಿಯನ್ನು ಸಾಂಬಾರಿನಲ್ಲಿ ಕಿವುಚಿ ತಂದಿಡುತ್ತಿದ್ದರು. ಕೊನೆಗೆ ಅದೇ ಆಸ್ಪತ್ರೆಯಲ್ಲಿ ಇವರ ಗಂಟಲನ್ನೂ ಕತ್ತರಿಸಬೇಕಾಯಿತು. ಬೀಡಿಯಿಲ್ಲ, ತಂಬಾಕಿಲ್ಲ, ಆದರೂ ಯಾಕೆ ಎಂದು ಕೇಳಿದರೆ ಕೆಲವರಿಗೆ ಹಾಗೇ ಬರುತ್ತದೆ ಎಂದರು ಡಾಕ್ಟರು. ಧ್ವನಿಪೆಟ್ಟಿಗೆಯನ್ನೇ ತೆಗೆದರು. ಜೀವ ಉಳಿಯಿತು, ಕುತ್ತಿಗೆಯಲ್ಲಿ ಒಂದು ತೂತು ಉಳಿಯಿತು. ಗಂಟಲಿಗೆ ಒತ್ತಿ ಹಿಡಿದು ಮಾತಾಡುವ ಯಂತ್ರವೊಂದು ಮನೆಗೆ ಬಂತು. ಒಂದು ಸಲ ಅದರಲ್ಲಿ ನನ್ನನ್ನು ಕರೆದರು. ಆ ಗೊರಗೊರ ಕೇಳಿ ತಾವೇ ಬೆಚ್ಚಿ, ಅದನ್ನು ಕಪಾಟಿನಲ್ಲಿಟ್ಟು ಬಾಗಿಲು ಹಾಕಿದರು. ಮತ್ತೆ ತೆಗೆಯಲಿಲ್ಲ.

ಆಮೇಲೆ ಅವರ ದನಿ ಎಲ್ಲಾದರೂ ಉಳಿದಿದೆಯೇ ಎಂದು ನಾನೂ ಮಗಳೂ ಮನೆಯೆಲ್ಲ ಜಾಲಾಡಿದೆವು. ಮದುವೆಯ ವಿಡಿಯೊ ಇತ್ತು. ಚೆಂದ ಕಾಣಲಿ ಎಂದು ನಾವೇ ಹೇಳಿ, ಮಾತೆಲ್ಲ ಅಳಿಸಿ ಮೊದಲಿಂದ ಕೊನೆಯವರೆಗೂ ಸಿನಿಮಾ ಹಾಡು ಹಾಕಿಸಿದ್ದೆವು. ಮಗಳ ಹುಟ್ಟುಹಬ್ಬದ ವಿಡಿಯೊಕ್ಕೂ ಅದೇ ಗತಿ. ಇವರು ಬಾಯಿ ಆಡಿಸುತ್ತಾರೆ, ಇನ್ಯಾರೋ ಹಾಡುತ್ತಾರೆ. ಫೋನಿನಲ್ಲಿ ಫೋಟೋ ರಾಶಿ ರಾಶಿ, ದನಿ ಒಂದು ಚೂರೂ ಇಲ್ಲ.

ಮಗಳ ರೆಕಾರ್ಡು ಹಾಕಿ ಕುಕ್ಕರ್ ಇಟ್ಟೆ. ಅವರು ಹೊರಗೆ ಗ್ಯಾಲರಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಮೊದಲ ಹಾಡು ಲೋಕಲ್ ರೈಲಿನ ನೂಕುನುಗ್ಗಲಿನದು, ಎರಡನೆಯದು ಯಾವನೋ ಬಾಸಿನದು. ಮುಂದಿನ ಎರಡು ಇಂಗ್ಲಿಷು. ಅದರಲ್ಲಿ ನನಗೆ ತಿಳಿದದ್ದು ಬೈಗುಳ ಮಾತ್ರ. ಕೊನೆಯ ಹಾಡಿಗೆ ಕೈಯಲ್ಲಿದ್ದ ಈರುಳ್ಳಿ ಕೆಳಗಿಟ್ಟೆ. ಆಸ್ಪತ್ರೆಯಲ್ಲಿ ನಮಗೆ ಹೇಳುತ್ತಿದ್ದ ಮಾತುಗಳೇ ಒಂದೊಂದಾಗಿ ಬಂದವು. ಟೋಕನ್ ಲೇ ಲೋ. ಫೈಲ್ ದಿಖಾವೋ. ಉಧರ್ ಜಾವೋ. ಕಲ್ ಆವೋ. ಅತ್ತ ಹೋಗಿ, ನಾಳೆ ಬನ್ನಿ ಎಂದು ನಮ್ಮನ್ನು ಅಲೆಸಿದ ಅಷ್ಟು ದಿನ ಫೈಲು ಹಿಡಿದು ನನ್ನ ಹಿಂದೆ ತುಟಿ ಪಿಟಕ್ಕೆನ್ನದೆ ನಿಂತ ಹುಡುಗಿ ಇದನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡಿದ್ದಳು. "ಕಲ್ ಆವೋ, ಕಲ್ ಆವೋ" ಎಂದು ಕಿರುಚಿ ಕಿರುಚಿ ಅವಳ ಗಂಟಲು ಒಡೆಯಿತು. ಗಿಟಾರು ಒಮ್ಮೆಲೇ ನಿಂತಿತು. ಆಮೇಲೆ ಅವರ ದನಿ, ನನ್ನ ಗಂಡನ ದನಿ.

"ಎಂತ ಬೊಬ್ಬೆ ಇದು. ಬಂದ್ ಮಾಡು ಮಾರಾಯ್ತಿ, ಮೇಲಿನವರು ಬರ್ತಾರೆ ಈಗ." ಮತ್ತೆ ಅಡುಗೆಮನೆಗೆ ಕೂಗುವ ದನಿಯಲ್ಲಿ, "ಇವರದ್ದೆಲ್ಲ ಊಟ ಆಯ್ತಾ?"

ಅಷ್ಟೇ. ರೆಕಾರ್ಡು ಮುಗಿಯಿತು. ಇದೆಲ್ಲಿತ್ತು ಎಂದು ಮಗಳನ್ನು ಕೇಳಿದೆ.

ಕಾಯಿಲೆ ಗೊತ್ತಾಗುವ ಮೊದಲು ಒಂದು ರವಿವಾರ ನಾನಿಲ್ಲದಾಗ ಬ್ಯಾಂಡಿನವರೆಲ್ಲ ನಮ್ಮ ಕೋಣೆಯಲ್ಲೇ ಪ್ರಾಕ್ಟೀಸ್ ಮಾಡಿದ್ದರಂತೆ. ಪಪ್ಪ ಡ್ಯೂಟಿಯಿಂದ ಬೇಗ ಬಂದು ಬೈದದ್ದು ಅವಳ ಫೋನಿನಲ್ಲಿ ಸೇರಿಕೊಂಡಿತ್ತಂತೆ. ಹಳೆಯ ಟ್ಯೂನ್ ಹುಡುಕುವಾಗ ಮೊನ್ನೆ ಸಿಕ್ಕಿತು ಎಂದಳು. ನನಗೆ ಸಿಟ್ಟು ನೆತ್ತಿಗೇರಿತು. ಇಡೀ ಹೋಟೆಲು ತುಂಬುತ್ತಿದ್ದ ಆ ದನಿಯಲ್ಲಿ ಉಳಿದದ್ದು ಈ ಬೈಗುಳವೇ? ಅದನ್ನು ಊರಿಗೆಲ್ಲ ಹಂಚಬೇಕೇ?

"ತೆಗೆದುಹಾಕು. ಅವರಿಗೆ ಕೇಳಿಸ್ಬೇಡ. ಎದೆ ಒಡೆದು ಹೋದೀತು ಅವರದ್ದು" ಎಂದೆ.

"ಪಪ್ಪ ಬೇಡ ಅಂದ್ರೆ ಹಟಾ ದೂಂಗೀ, ಅಮ್ಮ."

ಚಾಳಿನ ಒಂದು ಕೋಣೆಯಲ್ಲಿ ಗುಟ್ಟು ಮಾಡಹೊರಟ ನಾನೇ ಪೆದ್ದಿ. ತಿರುಗಿ ನೋಡಿದರೆ ಅವರು ಬಾಗಿಲಲ್ಲಿ ನಿಂತಿದ್ದರು. ಒಳಗೆ ಬಂದು ಮಂಚದ ತುದಿಗೆ ಕೂತು, ಮತ್ತೆ ಹಾಕು ಎಂದು ಮಗಳಿಗೆ ಕೈಸನ್ನೆ ಮಾಡಿದರು. ಅವಳು ಕೊನೆಯ ತುಂಡನ್ನು ಹಾಕಿದಳು. ಬೈಗುಳ ಬರುವಾಗ ತಲೆ ತಗ್ಗಿಸಿದ್ದರು. ಊಟ ಆಯ್ತಾ ಎಂಬಲ್ಲಿಗೆ ತಲೆಯೆತ್ತಿ ಒಲೆಯ ಬಳಿ ನಿಂತ ನನ್ನನ್ನು ನೋಡಿದರು. ಹಸಿವಾಯಿತೇನೋ ಎಂದು ಕುಕ್ಕರಿಗೆ ಕೈ ಹಾಕಿದೆ. ಅಲ್ಲ ಎಂದು ತಲೆಯಾಡಿಸಿದರು. ಮತ್ತೆ ಹಾಕಿಸಿದರು. ಅದೇ ಜಾಗಕ್ಕೆ ಮತ್ತೆ ತಲೆಯೆತ್ತಿದರು, ಮತ್ತೆ ನನ್ನತ್ತ ಅದೇ ನೋಟ, ಕಾಯುವ ನೋಟ. ಆಗ ನನಗೆ ತಿಳಿಯಿತು. ಕೂಗಿದ್ದಕ್ಕೆ ಒಳಗಿನಿಂದ ಉತ್ತರ ಬಂದಿರಲಿಲ್ಲ.

ಗೋಡೆಗೆ ಒರಗಿಸಿದ್ದ ಕಾವಲಿಯನ್ನು ಒಲೆಯ ಮೇಲಿಟ್ಟು ಸಟ್ಟುಗದಿಂದ ಎರಡು ಸಲ ಕುಟ್ಟಿದೆ.

ಅವರ ಹೆಗಲು ಇಳಿಯಿತು. ಮುಖ ತಿರುಗಿಸಿ ಕಿಟಕಿಯತ್ತ ನೋಡಿದರು. ಇರಲಿ, ತೆಗೆಯಬೇಡ ಎಂದು ಮಗಳಿಗೆ ಸನ್ನೆ ಮಾಡಿದರು. ಅವಳು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದಳು. ಅವಳು ಅತ್ತದ್ದು ನಲ್ಲಿಯ ಸದ್ದಿನಲ್ಲೂ ಕೇಳಿಸಿತು.

ಆಮೇಲೆ ದಿನವೂ ಮಧ್ಯಾಹ್ನ ಅವರೇ ರೆಕಾರ್ಡು ಹಾಕುತ್ತಿದ್ದರು. ಕೊನೆಗೆ ನಾನು ಕುಟ್ಟಬೇಕು, ಅವರು ಕಿಟಕಿಯತ್ತ ತಿರುಗಬೇಕು. ಗಣಪತಿ ಕೂರಿಸುವ ಹೊತ್ತಿಗೆ ರೋಗ ಶ್ವಾಸಕೋಶಕ್ಕೆ ಇಳಿದಿತ್ತು. ದೀಪಾವಳಿ ಅವರು ಕಾಣಲಿಲ್ಲ.

ಈಗ ಅದನ್ನು ನಾನು ಹಾಕುತ್ತೇನೆ, ಕುಕ್ಕರ್ ಇಟ್ಟ ಮೇಲೆ. ಹಾಡುಗಳು ಇನ್ನೂ ಹಿಡಿಸುವುದಿಲ್ಲ. ಕೊನೆಗೆ ಅವರು ಎಲ್ಲರ ಊಟ ವಿಚಾರಿಸುತ್ತಾರೆ, ನಾನು ಕಾವಲಿಗೆ ಕುಟ್ಟುತ್ತೇನೆ. ಮೊನ್ನೆ ಬೇಕೆಂದೇ ಕುಟ್ಟಲಿಲ್ಲ. ಹೋಟೆಲಿನಲ್ಲಾಗಿದ್ದರೆ ಇನ್ನೂ ಗಟ್ಟಿಯಾಗಿ ಮತ್ತೊಮ್ಮೆ ಕೂಗುತ್ತಿದ್ದರು. ಸಟ್ಟುಗ ಹಿಡಿದು ಬಹಳ ಹೊತ್ತು ಕಾದೆ. ಕುಕ್ಕರ್ ಕೂಗಿತು.