ಕಾರಿಗೂ ಎಣ್ಣೆಸ್ನಾನ

ಶಿಕಾರಿಪುರದಿಂದ ಸೊರಬಕ್ಕೆ ಹೊರಟಿದ್ದ ಮಾವನ ಹೊಸ ಕಾರು ಅರ್ಧ ದಾರಿಯಲ್ಲಿ ಗೊರಗೊರ ಕೆಮ್ಮಿ, ಹೊಗೆಯುಗುಳಿ ನಿಂತೇಬಿಟ್ಟಿತು. ಸೊರಬದ ಚರ್ಚಾಸ್ಪರ್ಧೆಗೆ ನಾನು ಗಂಟೆಯೊಳಗೆ ಮುಟ್ಟಬೇಕಿತ್ತು.

“ಎಂಜಿನ್ ಎಣ್ಣೆ ಯಾವಾಗ ಬದಲಾಯ್ಸಿದ್ರಿ ಮಾವ?”

“ದೀಪಾವಳಿಗೆ ಕಣೋ. ಮನುಷ್ಯರಿಗೇ ವರ್ಷಕ್ಕೊಂದು ಎಣ್ಣೆಸ್ನಾನ ಸಾಕು. ಹೊಸಾ ಗಾಡಿ ಇದು, ಬಾಣಂತಿಯಾ ದಿನಾ ಎರೆಯಾಕೆ?”

ನನಗೆ ತಡೆಯಲಾಗಲಿಲ್ಲ. ಎಣ್ಣೆ ಕೆಡುವುದು ಓಡಿದ ಮೈಲಿಯಿಂದ, ಹಬ್ಬದಿಂದಲ್ಲ. ಎಂಜಿನ್ನಿಗೆ ಪಂಚಾಂಗ ಓದಲು ಬರುವುದಿಲ್ಲ ಎಂದು ನಡುರಸ್ತೆಯಲ್ಲೇ ವಾದ ಮಂಡಿಸಿದೆ. ಮಾವ ತಲೆಯಾಡಿಸಿ ಬಾನೆಟ್ ಎತ್ತಿದರು. ಗೆದ್ದೆನೆಂದು ತಿರುಗಿ ನೋಡಿದರೆ, ಸೊರಬದ ಬಸ್ಸು ನಮ್ಮನ್ನು ದಾಟಿ ಧೂಳೆಬ್ಬಿಸಿಕೊಂಡು ಹೋಗುತ್ತಿತ್ತು. ಸ್ಪರ್ಧೆ ತಪ್ಪಿತು.

ಮಾವ ಈಗ ಯುಗಾದಿಗೂ ಎಣ್ಣೆ ಬದಲಾಯಿಸುತ್ತಾರೆ. ಅಷ್ಟು ಅಮೋಘ ವಾದಕ್ಕೆ ನನಗೆ ಸಿಕ್ಕ ಬಹುಮಾನ ಅದೊಂದೇ.